ನೀರು ಯಾರದು?

ಬೋಟ್ಸ್ವಾನಾದ ಮಧ್ಯ ಕಲಹರಿ ಅಭಯಾರಣ್ಯದಲ್ಲಿ ಮಾರ್ಗದರ್ಶಿ ಕೊಟ್ಟ ತಣ್ಣೀರನ್ನು ನಾವು ನಿಶ್ಚಿಂತೆಯಿಂದ ಕುಡಿದೆವು. ಸಿಂಹ ಕಾಣಲಿಲ್ಲವೆಂಬುದೊಂದೇ ಅಂದಿನ ವ್ಯಥೆ.

ಆ ನೆಲ ಸಾನ್ ಜನರ ತಲೆತಲಾಂತರದ ಮನೆಯೆಂಬುದನ್ನು ಊರಿಗೆ ಮರಳಿ ಓದಿ ತಿಳಿದೆವು. 2002ರಲ್ಲಿ ಸರಕಾರವು ಅವರನ್ನು ಹೊರಸಾಗಿಸಿ, ಕೊಳವೆಬಾವಿಯನ್ನೂ ಮುಚ್ಚಿಸಿತು. ದಾವೆ ಹೂಡಿದವರಿಗೆ 2006ರಲ್ಲಿ ನ್ಯಾಯಾಲಯ ಮರಳುವ ಹಕ್ಕು ಕೊಟ್ಟಿತು. ನೀರಿನ ಹಕ್ಕಿಗೆ 2011ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅದೇ ಕಾಡಿನೊಳಗೆ ಪ್ರವಾಸಿಗರಿಗೆ ಈಜುಕೊಳವೇ ಸಿದ್ಧವಾಗಿತ್ತು!

ಮೃಗಗಳ ಉಳಿವಿಗಾಗಿ ಮನುಷ್ಯನು ತುಸು ಸರಿಯಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಸರಿಯಬೇಕಾದವನು ಯಾರು? ಅಲ್ಲಿಯೇ ಹುಟ್ಟಿದವನೋ, ನೋಡಬಂದವನೋ? ವರ್ಷಗಟ್ಟಲೆ ಅರಣ್ಯಸಂರಕ್ಷಣೆಯ ಪಾಠ ಹೇಳಿದ ನಮಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಅಂದು ಬಾಟಲಿಯಲ್ಲಿ ಉಳಿದ ನೀರಿನಿಂದ ನಾವು ಕಾಲಿನ ಧೂಳು ತೊಳೆದುಕೊಂಡಿದ್ದೆವು.