ರೆಫರಿ ನೋಡದ ಗೋಲು

ಗಲ್ಲಿಯ ಆಟಕ್ಕೆ ರೆಫರಿ ಇರುವುದಿಲ್ಲ. ನಾವು ಬೆಳೆದ ಮೊಹಲ್ಲಾದ ಹಿಂದಿನ ಬಯಲಿನಲ್ಲೂ ಇರಲಿಲ್ಲ. ಎರಡು ಕಲ್ಲು, ಇಲ್ಲವೇ ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲಿನ ಕಂಬ ಸಿದ್ಧ. ಅಸರ್ ನಮಾಜಿನ ನಂತರ ಶುರುವಾದ ಆಟ ಮಗ್ರಿಬ್‌ನ ಅಜಾನ್ ಕೇಳಿದಾಗ ನಿಲ್ಲುತ್ತಿತ್ತು. ಚೆಂಡು ಕೈಗೆ ತಾಗಿತೆಂದು ಜಗಳ ಹತ್ತಿಕೊಂಡರೆ ತೀರ್ಪು ಹೇಳಬೇಕಾದವನು ಯಾರ ಮೇಲೆ ಆರೋಪವಿದೆಯೋ ಅವನೇ. ‘ಈಮಾನ್ ಸೆ ಬೋಲ್’ ಎಂದು ಸುತ್ತ ನಿಂತವರು ಕೇಳುತ್ತಿದ್ದರು. ಅವನು ತಾಗಿತೆಂದರೆ ತಾಗಿತು, ಇಲ್ಲವೆಂದರೆ ಇಲ್ಲ. ಸುಳ್ಳು ಹೇಳುವವರು ನಮ್ಮಲ್ಲಿ ಇರಲಿಲ್ಲವೆಂದಲ್ಲ, ಧಾರಾಳವಾಗಿದ್ದರು. ಆದರೆ ಹತ್ತು ಜೊತೆ ಕಣ್ಣುಗಳೆದುರು ಆ ಸುಳ್ಳನ್ನು ಬಾಯಿ ಬಿಟ್ಟು ಹೇಳಬೇಕಾಗಿತ್ತು. ಅದು ಅಷ್ಟು ಸುಲಭವಲ್ಲ.

ರೆಫರಿ ಬಂದ ಮೇಲೆ ಈ ಕಷ್ಟ ತಪ್ಪಿತು. ಈಗ ಸುಳ್ಳು ಹೇಳುವ ಅಗತ್ಯವೇ ಇಲ್ಲ, ಸುಮ್ಮನಿದ್ದರೆ ಸಾಕು. ನೋಡುವ ಕೆಲಸ ಅವನದು, ಅವನು ನೋಡದಿದ್ದರೆ ತಪ್ಪೂ ಅವನದೇ. ಇದನ್ನು ಜಗತ್ತಿಗೆಲ್ಲ ಕೇಳುವಂತೆ ಹೇಳಿದವನು ಫ್ರಾನ್ಸಿನ ಪ್ರಸಿದ್ಧ ಸ್ಟ್ರೈಕರ್ ಥಿಯರಿ ಹೆನ್ರಿ. 2009ರ ನವೆಂಬರ್ 18ರಂದು ಪ್ಯಾರಿಸ್ಸಿನ ಹೊರವಲಯದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಐರ್ಲೆಂಡ್ ವಿರುದ್ಧ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಹೊರಗೆ ಹೋಗಲಿದ್ದ ಚೆಂಡನ್ನು ಅವನು ಕೈಯಿಂದ ತಡೆದು ವಿಲಿಯಂ ಗಲಾಸ್‌ಗೆ ಕೊಟ್ಟ. ಗಲಾಸ್ ಗೋಲು ಹೊಡೆದ. ಫ್ರಾನ್ಸ್ ದಕ್ಷಿಣ ಆಫ್ರಿಕಕ್ಕೆ ಹೋಯಿತು, ಐರ್ಲೆಂಡ್ ಮನೆಗೆ ಹೋಯಿತು. ಪಂದ್ಯ ಮುಗಿದ ಮೇಲೆ ಹೆನ್ರಿ ಮುಚ್ಚಿಡಲಿಲ್ಲ. ಕೈಗೆ ತಾಗಿದ್ದು ನಿಜ, ಆದರೆ ನಾನು ರೆಫರಿಯಲ್ಲವಲ್ಲ ಎಂಬರ್ಥದ ಮಾತು ಹೇಳಿದ. ನಮ್ಮನ್ನು ಬಹಳ ದಿನ ಕಾಡಿದ್ದು ಆ ಕೈಯಲ್ಲ, ಈ ಮಾತು. ನಿಜ ನನಗೆ ಗೊತ್ತು, ಅದನ್ನು ಹೇಳುವ ಹೊಣೆ ಮಾತ್ರ ಬೇರೆಯವನದು ಎನ್ನುವುದು ಎಂಥ ವಾದ? ನಾವು ಕಚೇರಿಗಳಲ್ಲಿ, ಅಂಗಡಿಗಳಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ದಿನವೂ ಕೇಳುವ ವಾದವೇ ಇದಲ್ಲವೇ?

ಇದಕ್ಕೆ ಎದುರಾಗಿ ಇನ್ನೊಬ್ಬ ಸ್ಟ್ರೈಕರ್‌ನ ಬದುಕನ್ನು ಇಟ್ಟು ನೋಡಬೇಕೆನಿಸುತ್ತದೆ. ಮಿರೊಸ್ಲಾವ್ ಕ್ಲೋಸೆ ಹುಟ್ಟಿದ್ದು 1978ರಲ್ಲಿ, ಪೋಲೆಂಡಿನ ಒಪೋಲೆ ಪಟ್ಟಣದಲ್ಲಿ. ತಂದೆ ವೃತ್ತಿಪರ ಫುಟ್‌ಬಾಲ್ ಆಟಗಾರ, ತಾಯಿ ಪೋಲೆಂಡಿನ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಚೆಂಡನ್ನು ಕೈಯಲ್ಲೇ ಆಡುವ ಆಟವೂ ಅವನ ಮನೆಯಲ್ಲಿತ್ತು ಎನ್ನಬೇಕು! ಎಂಟರ ಪ್ರಾಯದಲ್ಲಿ ಕುಟುಂಬ ಜರ್ಮನಿಯ ಕೂಸೆಲ್ ಎಂಬ ಸಣ್ಣ ಊರಿಗೆ ಬಂದಾಗ ಹುಡುಗನಿಗೆ ಅಲ್ಲಿನ ಭಾಷೆ ಬರುತ್ತಿರಲಿಲ್ಲ. ಶಾಲೆ ಮುಗಿಸಿ ಬಡಗಿ ಕೆಲಸ ಕಲಿತ. ಇತರ ತಾರೆಗಳು ದೊಡ್ಡ ಕ್ಲಬ್ಬುಗಳ ಅಕಾಡೆಮಿಯಲ್ಲಿ ಪಳಗುವ ವಯಸ್ಸಿನಲ್ಲಿ ಇವನು ತೀರಾ ಕೆಳದರ್ಜೆಯ ಲೀಗಿನಲ್ಲಿ ಹಳ್ಳಿಯ ಕ್ಲಬ್ಬಿಗೆ ಆಡುತ್ತಿದ್ದ. 1999ರಲ್ಲಿ ಕೈಸರ್‌ಸ್ಲಾಟರ್ನ್ ಸೇರಿದ, 2001ರಲ್ಲಿ ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಬಂದ. ಮುಂದಿನದು ಆಟ ಬಲ್ಲವರಿಗೆಲ್ಲ ಗೊತ್ತು. 2002ರ ವಿಶ್ವಕಪ್‌ನಲ್ಲಿ ಐದು ಗೋಲು, ಐದೂ ತಲೆಯಿಂದ. 2006ರಲ್ಲಿ ಮತ್ತೆ ಐದು, 2010ರಲ್ಲಿ ನಾಲ್ಕು, 2014ರಲ್ಲಿ ಎರಡು. ಕೊನೆಯದು ಬ್ರೆಜಿಲ್ ನೆಲದಲ್ಲೇ ಬ್ರೆಜಿಲ್ ಅನ್ನು 7-1ರಿಂದ ಮಣಿಸಿದ ಸೆಮಿಫೈನಲ್‌ನಲ್ಲಿ. ಆ ಹದಿನಾರನೆಯ ಗೋಲಿನಿಂದ ಬ್ರೆಜಿಲ್‌ನ ರೊನಾಲ್ಡೊ ಹೆಸರಿನಲ್ಲಿದ್ದ 15 ಗೋಲುಗಳ ವಿಶ್ವಕಪ್ ದಾಖಲೆ ಮುರಿಯಿತು. ಆಗ ಕ್ಲೋಸೆಗೆ ಮೂವತ್ತಾರು ವರ್ಷ.

ಸ್ಟ್ರೈಕರ್ ಎಂದರೆ ಲೆಕ್ಕದ ಮನುಷ್ಯ. ಗೋಲ್‌ಕೀಪರ್ ಎಷ್ಟು ತಡೆದ, ಹಿಂಪಡೆಯವನು ಎಷ್ಟು ಓಡಿದ ಎಂಬುದನ್ನು ಜನ ಮರೆಯುತ್ತಾರೆ. ಸ್ಟ್ರೈಕರ್‌ನ ಸಂಬಳ, ಕರಾರು, ಮುಂದಿನ ವರ್ಷದ ಅನ್ನ ಎಲ್ಲವೂ ಒಂದು ಅಂಕಿಯ ಮೇಲೆ ನಿಂತಿರುತ್ತವೆ. ಹೀಗಿರುವವನು ತನ್ನ ಅಂಕಿಯಿಂದ ತಾನೇ ಒಂದನ್ನು ಕಳೆದುಕೊಂಡ ಕಥೆ ಇಲ್ಲಿದೆ.

2005ರಲ್ಲಿ ಕ್ಲೋಸೆ ವೆರ್ಡರ್ ಬ್ರೆಮೆನ್ ತಂಡದಲ್ಲಿದ್ದ. ಅರ್ಮಿನಿಯಾ ಬೀಲೆಫೆಲ್ಡ್ ವಿರುದ್ಧದ ಪಂದ್ಯ, ಇನ್ನೂ ಗೋಲಿಲ್ಲ. ಎದುರಾಳಿ ಗೋಲ್‌ಕೀಪರ್ ಜೊತೆ ಚೆಂಡಿಗಾಗಿ ಸೆಣಸಿ ಕ್ಲೋಸೆ ಬಿದ್ದ, ರೆಫರಿ ಪೆನಾಲ್ಟಿ ಕೊಟ್ಟ. ಕ್ಲೋಸೆ ಎದ್ದು ಬಂದು, ಅವನು ನನಗೆ ಫೌಲ್ ಮಾಡಲಿಲ್ಲ ಎಂದ. ರೆಫರಿ ತೀರ್ಪು ಹಿಂತೆಗೆದುಕೊಂಡ. ಬ್ರೆಮೆನ್ ಆ ಪಂದ್ಯವನ್ನು 3-0ಯಿಂದ ಗೆದ್ದಿತು. ಏಳು ವರ್ಷಗಳ ನಂತರ, 2012ರ ಸೆಪ್ಟೆಂಬರ್‌ನಲ್ಲಿ, ಅವನು ಇಟಲಿಯ ಲಾಜಿಯೊ ತಂಡಕ್ಕೆ ಆಡುತ್ತಿದ್ದ. ನೇಪಲ್ಸ್‌ನಲ್ಲಿ ನಾಪೋಲಿ ವಿರುದ್ಧ ಪಂದ್ಯ ಶುರುವಾಗಿ ಕೆಲವೇ ನಿಮಿಷ. ಕಾರ್ನರ್‌ನಿಂದ ಬಂದ ಚೆಂಡು ಕ್ಲೋಸೆಯ ಕೈಗೆ ತಾಗಿ ಬಲೆ ಸೇರಿತು. ರೆಫರಿ ಗೋಲೆಂದ. ಎದುರಾಳಿಗಳು ಸುತ್ತುವರಿದು ಕೂಗಾಡಿದರು. ಕ್ಲೋಸೆ ರೆಫರಿಗೆ ನಿಜ ಹೇಳಿದ, ಗೋಲು ರದ್ದಾಯಿತು. ನಾಪೋಲಿಯ ಆಟಗಾರರು ಬಂದು ಅವನ ಕೈ ಕುಲುಕಿದರು. ಆಮೇಲೆ ಅದೇ ನಾಪೋಲಿ ಲಾಜಿಯೊಗೆ ಮೂರು ಗೋಲು ಹೊಡೆಯಿತು, ಮೂರನ್ನೂ ಹೊಡೆದವನು ಕವಾನಿ. ಅಲ್ಲೂ 3-0!

ಒಮ್ಮೆ ನಿಜ ಹೇಳಿ 3-0 ಗೆದ್ದ, ಒಮ್ಮೆ ನಿಜ ಹೇಳಿ 3-0 ಸೋತ. ಸತ್ಯ ಹೇಳಿದವನಿಗೆ ಕೊನೆಗೆ ಒಳ್ಳೆಯದಾಗುತ್ತದೆ ಎಂದು ಮಕ್ಕಳಿಗೆ ಕಥೆ ಹೇಳುವವರು ಈ ಎರಡನೆಯ ಪಂದ್ಯವನ್ನು ಮುಚ್ಚಿಡುವುದೇ ಕ್ಷೇಮ. ಕಥೆ ಬರೆಯುವ ನಮಗೂ ಅಂಥ ಮುಕ್ತಾಯಗಳ ಆಸೆ ಇದೆ, ಸುಳ್ಳೇಕೆ.

ಇಲ್ಲಿ ಓದುಗರು ಒಂದು ಮಾತು ಕೇಳಬಹುದು. ಆ ಗೋಲು ಕ್ಲೋಸೆ ಒಬ್ಬನದೇ? ಉಳಿದ ಹತ್ತು ಜನರದೂ ಅಲ್ಲವೇ? ತನ್ನ ಆತ್ಮಸಾಕ್ಷಿಯನ್ನು ಶುಚಿಯಾಗಿಟ್ಟುಕೊಳ್ಳಲು ಬೇರೆಯವರ ಬೆವರನ್ನು ದಾನ ಮಾಡಲು ಅವನಿಗೆ ಹಕ್ಕು ಕೊಟ್ಟವರು ಯಾರು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ನಮ್ಮವರೇ ಆದ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರನ್ನೂ ಜನ ಇದನ್ನೇ ಕೇಳಿದ್ದರು. 1980ರ ಫೆಬ್ರವರಿಯಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟ್. ಐದು ವಿಕೆಟ್ ಬಿದ್ದು ಇಂಗ್ಲೆಂಡ್ ಕಂಗಾಲಾಗಿತ್ತು. ವಿಕೆಟ್ ಹಿಂದೆ ಕ್ಯಾಚೆಂದು ಅಂಪೈರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ ವಿಶ್ವನಾಥ್ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಇಬ್ಬರೂ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಟೆಸ್ಟ್ ತಂಡದ ನಾಯಕರಾದದ್ದು ಎರಡೇ ಪಂದ್ಯಗಳಿಗೆ, ಇದು ಅವುಗಳಲ್ಲಿ ಒಂದು. ದೇಶದ ಪಂದ್ಯವನ್ನು ಧರ್ಮಕ್ಕೆ ಕೊಟ್ಟರು ಎಂದು ಗೊಣಗಿದವರು ನಮ್ಮ ಹಿರಿಯರಲ್ಲೂ ಇದ್ದರು.

ನಮಗೆ ತೋರುವುದು ಇಷ್ಟು. ದಿನಸಿ ಅಂಗಡಿಯಲ್ಲಿ ತಕ್ಕಡಿಯ ಹಿಂದೆ ನಿಂತ ಹುಡುಗ, ‘ಅಮ್ಮಾ, ತೂಕ ಕಮ್ಮಿ ಬಂತು’ ಎಂದು ಇನ್ನೊಂದು ಹಿಡಿ ಅಕ್ಕಿ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಸಾಹುಕಾರನ ಅಕ್ಕಿಯನ್ನು ದಾನ ಮಾಡಿದ ಎಂದು ಅವನನ್ನು ಬೈಯುವುದು ಹೇಗೆ? ಆ ಹಿಡಿ ಅಕ್ಕಿ ಸಾಹುಕಾರನದಲ್ಲ, ದುಡ್ಡು ಕೊಟ್ಟ ಹೆಂಗಸಿನದು. ನೇಪಲ್ಸ್‌ನ ಆ ಗೋಲೂ ಹಾಗೆಯೇ. ಹತ್ತು ಜನರದ್ದಾಗಲು ಅದು ಮೊದಲು ಗೋಲಾಗಿರಬೇಕು. ಇಲ್ಲದ ಆಸ್ತಿಗೆ ಪಾಲುದಾರರು ಇರುವುದಿಲ್ಲ. ಆದರೆ ಅಂಗಡಿಯ ಹುಡುಗನ ಕೆಲಸ ಹೋಗಬಹುದು ಎಂಬುದನ್ನು ನಾವು ಮರೆಯಬಾರದು. 2012ರಲ್ಲಿ ಕ್ಲೋಸೆ ಎಲ್ಲರೂ ಬಲ್ಲ ದೊಡ್ಡ ಆಟಗಾರ, ಅವನನ್ನು ಯಾರೂ ಹೊರಗೆ ಹಾಕುತ್ತಿರಲಿಲ್ಲ. ಹೊಸದಾಗಿ ತಂಡಕ್ಕೆ ಬಂದ, ಊರಿನಲ್ಲಿ ಮನೆ ತುಂಬ ಜನರನ್ನು ಸಾಕಬೇಕಾದ ಇಪ್ಪತ್ತರ ಹುಡುಗನಿಗೆ ಅದೇ ಮಾತು ಹೇಳಲು ಎಷ್ಟು ಗುಂಡಿಗೆ ಬೇಕು? ಪ್ರಾಮಾಣಿಕತೆಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಪಂದ್ಯದ ಮೊದಲ ಹತ್ತು ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಸಹ ಒಂದೇ ಅಲ್ಲ.

ಕೊನೆಯ ನಿಮಿಷವೆಂದಾಗ ಉರುಗ್ವೆಯ ಲೂಯಿಸ್ ಸುವಾರೆಜ್ ನೆನಪಾಗುತ್ತಾನೆ. ಅವನೂ ಸ್ಟ್ರೈಕರ್. 2010ರ ಜುಲೈ 2, ಜೋಹಾನ್ಸ್‌ಬರ್ಗ್, ಘಾನಾ ವಿರುದ್ಧದ ಕ್ವಾರ್ಟರ್ ಫೈನಲ್. ಹೆಚ್ಚುವರಿ ಸಮಯದ ತುತ್ತತುದಿಯಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಅವನು ಗೆರೆಯ ಮೇಲೆ ನಿಂತು ಕೈಯಿಂದ ಹೊಡೆದು ತಳ್ಳಿದ. ಎಲ್ಲರೂ ನೋಡಿದರು. ಕೆಂಪು ಕಾರ್ಡು, ಪೆನಾಲ್ಟಿ. ಘಾನಾದ ಅಸಮೋವಾ ಗ್ಯಾನ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿಯಿತು, ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ಆವರೆಗೆ ಆಫ್ರಿಕದ ಯಾವ ದೇಶವೂ ಸೆಮಿಫೈನಲ್ ಕಂಡಿರಲಿಲ್ಲ. 2022ರಲ್ಲಿ ಇವೇ ಎರಡು ತಂಡಗಳು ಮತ್ತೆ ಎದುರಾದಾಗಲೂ ಸುವಾರೆಜ್ ಕ್ಷಮೆ ಕೇಳಲು ಒಪ್ಪಲಿಲ್ಲ. ನನಗೆ ಶಿಕ್ಷೆಯಾಯಿತು, ಪೆನಾಲ್ಟಿ ತಪ್ಪಿಸಿಕೊಂಡವನು ನಾನಲ್ಲ ಎಂಬುದು ಅವನ ವಾದ. ವಿಚಿತ್ರವೆಂದರೆ ನಮಗೆ ಹೆನ್ರಿಯ ಮೇಲಿರುವಷ್ಟು ಸಿಟ್ಟು ಸುವಾರೆಜ್ ಮೇಲಿಲ್ಲ. ಅವನು ಕದ್ದದ್ದು ಹಾಡುಹಗಲಲ್ಲಿ, ದಂಡವನ್ನೂ ಅಲ್ಲೇ ಕಟ್ಟಿದ. ಘಾನಾದ ಮಿತ್ರರು ಇದನ್ನು ಓದಿದರೆ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಕ್ಲೋಸೆಯನ್ನು ಔಲಿಯಾ ಮಾಡುವ ಉತ್ಸಾಹವೂ ನಮಗಿಲ್ಲ. ಅದೇ 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲಿನೊಳಗೆ ಬಿದ್ದು ಹೊರಕ್ಕೆ ಪುಟಿಯಿತು. ರೆಫರಿಗೆ ಕಾಣಲಿಲ್ಲ. ಗೋಲ್‌ಕೀಪರ್ ನೋಯರ್ ಏನೂ ಆಗಿಲ್ಲವೆಂಬಂತೆ ಥಟ್ಟನೆ ಆಟ ಮುಂದುವರಿಸಿದ, ರೆಫರಿಗೆ ಅನುಮಾನ ಬಾರದಿರಲೆಂದೇ ಹಾಗೆ ಮಾಡಿದೆ ಎಂದು ಆಮೇಲೆ ಒಪ್ಪಿಕೊಂಡ. ಆ ದಿನ ಜರ್ಮನಿಯ ಮೊದಲ ಗೋಲು ಕ್ಲೋಸೆಯದು, ಅವನೂ ಮೈದಾನದಲ್ಲೇ ಇದ್ದ. ದೂರದ ತುದಿಯ ಸ್ಟ್ರೈಕರ್‌ಗೆ ಗೆರೆ ಕಂಡಿತೋ ಇಲ್ಲವೋ. ತನ್ನ ಕೈಯ ಲೆಕ್ಕ ಒಪ್ಪಿಸುವುದು ಒಂದು, ಜೊತೆಗಾರನ ಲೆಕ್ಕ ಒಪ್ಪಿಸುವುದು ಇನ್ನೊಂದು. ಎರಡನೆಯದರಲ್ಲಿ ನಾವು ಯಾರೂ ಗಟ್ಟಿಗರಲ್ಲ.

ಸುಮ್ಮನಿರುವವನು ಯಾರ ತಲೆಗೆ ಹೊರೆ ಹಾಕುತ್ತಾನೆ ಎಂಬುದನ್ನೂ ನೋಡಬೇಕು. 1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಿಂದ ಹೊಡೆದ ಗೋಲನ್ನು ಜಗತ್ತು ಇಂದಿಗೂ ಚಪ್ಪರಿಸಿ ಹೇಳುತ್ತದೆ. ಅಂದಿನ ರೆಫರಿ ಟ್ಯುನೀಸಿಯಾದ ಅಲಿ ಬಿನ್ ನಾಸರ್. ದೊಡ್ಡ ಪಂದ್ಯಗಳನ್ನು ನಡೆಸಿದ ಅನುಭವಿ, ಆದರೆ ಅವರ ಹೆಸರು ಉಳಿದದ್ದು ಅವರ ಕಣ್ಣಿಗೆ ಬೀಳದ ಆ ಒಂದು ಕೈಯಿಂದ. 2015ರಲ್ಲಿ ಮರಡೋನಾ ಟ್ಯುನೀಸಿಯಾದ ಅವರ ಮನೆಗೆ ಹೋಗಿ ಸಹಿ ಮಾಡಿದ ಅಂಗಿ ಕೊಟ್ಟ. 2022ರಲ್ಲಿ ಬಿನ್ ನಾಸರ್ ತಮ್ಮ ಬಳಿಯಿದ್ದ ಆ ಪಂದ್ಯದ ಚೆಂಡನ್ನು ಹರಾಜಿಗಿಟ್ಟರು, ಸುಮಾರು 20 ಲಕ್ಷ ಪೌಂಡ್ ಬಂತು. ಸುಳ್ಳಿಗೆ ಬಂದ ಬೆಲೆಯನ್ನು ನಿಜದ ಯಾವ ಚೆಂಡೂ ತರಲಾರದು.

ಈಗ ಯಂತ್ರ ಬಂದಿದೆ. 2014ರ ವಿಶ್ವಕಪ್‌ಗೆ ಗೋಲಿನ ಗೆರೆ ಕಾಯುವ ತಂತ್ರಜ್ಞಾನ ಬಂತು, 2018ರಲ್ಲಿ ವೀಡಿಯೊ ರೆಫರಿ ಬಂದ. ಕ್ಲೋಸೆಯ ನೇಪಲ್ಸ್ ಗೋಲು ಇಂಥ ಕಾಲದಲ್ಲಾಗಿದ್ದರೆ ಎರಡು ನಿಮಿಷದಲ್ಲಿ ಪರದೆ ನೋಡಿ ರದ್ದು ಮಾಡುತ್ತಿದ್ದರು, ಯಾರೂ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ನ್ಯಾಯ ಹೆಚ್ಚಿದೆ, ಸಂಶಯವಿಲ್ಲ. ಐರ್ಲೆಂಡಿನವರಿಗೆ ಬೇಕಾಗಿದ್ದದ್ದೂ ಅದೇ. ಆದರೆ ‘ಈಮಾನ್ ಸೆ ಬೋಲ್’ ಎಂದು ಈಗ ಯಾರೂ ಯಾರನ್ನೂ ಕೇಳಬೇಕಿಲ್ಲ. ಕೇಳದೆ ಕೇಳದೆ ಆ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ತಪ್ಪಿದರೆ, ಯಂತ್ರವಿಲ್ಲದ ಕಡೆ ನಾವು ಏನು ಮಾಡುತ್ತೇವೋ. ಯಂತ್ರವಿಲ್ಲದ ಕಡೆಗಳೇ ಬದುಕಿನಲ್ಲಿ ಹೆಚ್ಚು.

ನಾವು ಏಳನೆಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿಗೆ ಬಂದೆವು. ಒಂಬತ್ತನೆಯ ತರಗತಿಯಲ್ಲಿ ಎರಡು ಶಾಲೆಗಳ ನಡುವೆ ಪಂದ್ಯ ನಡೆಯಿತು. ಎದುರು ತಂಡದ ಹಿಂಪಡೆಯಲ್ಲಿ ನಮ್ಮ ಹಳೆಯ ಬೆಂಚಿನ ಜೊತೆಗಾರ. ಕೊನೆಗೆ ಬಿದ್ದ ಒಂದೇ ಒಂದು ಗೋಲು ನಮ್ಮದು, ಚೆಂಡು ಕೈಗೆ ತಾಗಿಯೇ ಹೋಗಿತ್ತು. ಬೇರೆ ಶಾಲೆಯಿಂದ ಬಂದ ಪಿ.ಟಿ. ಮೇಷ್ಟ್ರು ಸೀಟಿ ಊದಿ ಗೋಲೆಂದರು. ಅವನು ಓಡಿ ಬಂದು ಹಳೆಯ ಭಾಷೆಯಲ್ಲಿ ಹಳೆಯ ಮಾತನ್ನೇ ಕೇಳಿದ. ನಾವು ಕನ್ನಡದಲ್ಲಿ ಹೇಳಿದೆವು, ‘ರೆಫರೀನ ಕೇಳು.’ ಹೆನ್ರಿ ಅದನ್ನು ಹೇಳುವುದಕ್ಕೆ ಎಷ್ಟೋ ವರ್ಷ ಮೊದಲು.

ಆತ ಈಗ ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಸ್ಕೂಟರ್ ಪಂಕ್ಚರ್ ಆಗಿ ಅಲ್ಲಿ ಕುಳಿತಿದ್ದಾಗ ಮಾತು ಆ ಪಂದ್ಯದ ಕಡೆ ತಿರುಗಿತು. ‘ಅದನ್ನ ನಾವೇ ಗೆದ್ದಿದ್ದಲ್ವಾ ಮಿಯಾ?’ ಎಂದ. ಇಲ್ಲ, ಗೆದ್ದದ್ದು ನಾವು, ಚೆಂಡು ಕೈಗೆ ತಾಗಿತ್ತು ಎಂದೆವು. ಆತ ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ಸ್ವಲ್ಪ ಹೊತ್ತು ನೋಡಿದ. ಪಕ್ಕದ ಹೋಟೆಲಿನ ಹುಡುಗನಿಗೆ ಎರಡು ಚಹಾ ಎಂದು ಕೂಗಿದ. ಆಮೇಲೆ ಕೇಳಿದ:

‘ಯಾವ ಕೈ?’

‘ಎಡಗೈ’ ಎಂದೆವು.