ಮಕ್ಕಳ ರಜೆಯೂ ತಂದೆತಾಯಿಗಳ ಆಯ್ಕೆಯೂ

ಮಹಾವೀರ ಜಯಂತಿಯ ಉತ್ಸವ ಮುಗಿದು ಬಸದಿಯ ಮುಂದಿನ ಚಪ್ಪರವನ್ನು ಬಿಚ್ಚುವ ದಿನಗಳ ಆಸುಪಾಸಿನಲ್ಲಿಯೇ ಕರ್ನಾಟಕದ ಶಾಲೆಗಳಿಗೆ ಬೇಸಿಗೆಯ ರಜೆ ಬರುತ್ತದೆ. ಏಪ್ರಿಲ್ ತಿಂಗಳ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ, ಸರಿಸುಮಾರು ಏಳು ವಾರಗಳ ಕಾಲ, ಮಕ್ಕಳ ದಿನವೆಲ್ಲವೂ ಮನೆಯವರ ಕೈಗೆ ಬಂದು ಬೀಳುತ್ತದೆ. ಆ ದಿನಗಳನ್ನು ಏನು ಮಾಡಬೇಕೆಂಬುದು ಮೇಲುನೋಟಕ್ಕೆ ಗೃಹಕೃತ್ಯದ ಪ್ರಶ್ನೆ. ಆಳಕ್ಕಿಳಿದು ನೋಡಿದರೆ ಧರ್ಮಾಧರ್ಮ ವಿವೇಚನೆಯ ಪ್ರಶ್ನೆ. ಏಕೆಂದರೆ ಇಲ್ಲಿ ಒಬ್ಬರ ಆಯುಷ್ಯದ ಒಂದು ಭಾಗವನ್ನು ಮತ್ತೊಬ್ಬರು ವಿನಿಯೋಗಿಸುತ್ತಾರೆ.

ಒಂದು ತಲೆಮಾರಿನ ಹಿಂದೆ ಇಲ್ಲಿ ಆಯ್ಕೆಯೆಂಬ ಮಾತೇ ಇರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಅಜ್ಜಿಯ ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸುತ್ತಿರಲಿಲ್ಲ. ಮಾಳಿಗೆಯ ಮೇಲೆ ಹರವಿದ ಹಪ್ಪಳ ಸಂಡಿಗೆಗಳಿಗೆ ಕಾಗೆ ಬಾರದಂತೆ ಕಾಯುವುದು, ಬಾವಿಯಿಂದ ನೀರು ಸೇದುವವರ ಹಿಂದೆ ನಿಲ್ಲುವುದು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೊಡನೆ ಜಗಳವಾಡಿ ಸಂಜೆಯೊಳಗೆ ರಾಜಿಯಾಗುವುದು, ಇವೇ ಅಂದಿನ ಪಠ್ಯಕ್ರಮ. ಆ ಕಾಲವನ್ನು ಅತಿಯಾಗಿ ಕೊಂಡಾಡುವುದು ಸಲ್ಲದು. ಅದೇ ಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಬೇಯಿಸಿ ಬಡಿಸುತ್ತಿದ್ದ ಸೊಸೆಯಂದಿರ ರಜೆಯ ಕುರಿತು ಯಾರೂ ಚಿಂತಿಸಲಿಲ್ಲ. ಆದರೂ ಆ ಏರ್ಪಾಡು ಇಂದು ಬಹುಪಾಲು ಕುಟುಂಬಗಳಿಗೆ ಉಳಿದಿಲ್ಲ. ಹಳ್ಳಿಯ ಮನೆಗೆ ಬೀಗ ಬಿದ್ದಿದೆ, ಅಜ್ಜಿ ನಗರದ ಮೂರನೆಯ ಅಂತಸ್ತಿನಲ್ಲಿ ಮಗನ ಜೊತೆಗಿದ್ದಾಳೆ, ತಂದೆತಾಯಿಗಳಿಬ್ಬರಿಗೂ ನೌಕರಿ. ಆ ತೆರವಿನಲ್ಲಿ ಬೇಸಿಗೆ ಶಿಬಿರಗಳು ಬೆಳೆದಿವೆ.

ಶಿಬಿರವೆಂಬ ಕಲ್ಪನೆಯು ನಮ್ಮಲ್ಲಿ ಹುಟ್ಟಿದ್ದಲ್ಲ. 1861ರಲ್ಲಿ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಶಿಕ್ಷಕ ಫ್ರೆಡರಿಕ್ ವಿಲಿಯಂ ಗನ್ ತಮ್ಮ ಶಾಲೆಯ ಹುಡುಗರನ್ನು ಸಮುದ್ರತೀರಕ್ಕೆ ನಡೆಸಿಕೊಂಡು ಹೋಗಿ ಎರಡು ವಾರ ಡೇರೆಗಳಲ್ಲಿ ಇರಿಸಿದ್ದನ್ನು ಆ ದೇಶದವರು ಇದರ ಮೊದಲೆಂದು ಎಣಿಸುತ್ತಾರೆ. ಅಲ್ಲಿಂದ ಬೆಳೆದ ಶಿಬಿರಗಳಲ್ಲಿ ರಾತ್ರಿಯೂ ಅಲ್ಲಿಯೇ ತಂಗುವ ಬಗೆ ಒಂದು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಬಗೆ ಇನ್ನೊಂದು. ಜೈನ ಕುಟುಂಬಗಳಿಗೆ ಎರಡನೆಯದು ಹೆಚ್ಚು ಒಗ್ಗಿರುವುದು ಸಹಜ. ಸೂರ್ಯಾಸ್ತಕ್ಕೆ ಮೊದಲು ಮಗು ಮನೆಯಲ್ಲಿ ಊಟಕ್ಕೆ ಕೂರುತ್ತದೆ. ಗೆಡ್ಡೆಗೆಣಸುಗಳ ವಿಚಾರವನ್ನು ಅಪರಿಚಿತ ಅಡಿಗೆಯವನಿಗೆ ವಿವರಿಸುವ ಪ್ರಮೇಯ ಬರುವುದಿಲ್ಲ.

ಈಗ ಬೆಂಗಳೂರಿನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಕಂಪನಿಯೊಂದರ ಲೆಕ್ಕ ವಿಭಾಗದಲ್ಲಿದ್ದಾರೆ, ತಾಯಿ ಬ್ಯಾಂಕಿನಲ್ಲಿದ್ದಾರೆ, ಮಗನಿಗೆ ಒಂಬತ್ತು ವರ್ಷ. ಮಾರ್ಚ್ ತಿಂಗಳಲ್ಲಿಯೇ ದಿನಪತ್ರಿಕೆಯ ಮಡಿಕೆಯೊಳಗಿನಿಂದ ಬಣ್ಣದ ಕರಪತ್ರಗಳು ಉದುರತೊಡಗುತ್ತವೆ. ಚದುರಂಗ, ರೋಬಾಟಿಕ್ಸ್, ಕೈಬರಹ, ವೇದಗಣಿತ, ಭಾಷಣಕಲೆ, ಒಲೆಯಿಲ್ಲದ ಅಡಿಗೆ, ಇವೆಲ್ಲವೂ ನಾಲ್ಕು ವಾರದಲ್ಲಿ. ಒಂದೇ ಮನೆಯಿಂದ ಇಬ್ಬರು ಬಂದರೆ ರಿಯಾಯಿತಿ. ಕಟ್ಟಿದ ಹಣ ಯಾವ ಕಾರಣಕ್ಕೂ ಹಿಂದಿರುಗದು. ತಂದೆತಾಯಿಗಳು ನಾಲ್ಕು ಕರಪತ್ರಗಳನ್ನು ಮೇಜಿನ ಮೇಲೆ ಹರಡಿ ಯಾವುದರಲ್ಲಿ ಹೆಚ್ಚು ವಿಷಯಗಳಿವೆ ಎಂದು ಎಣಿಸುತ್ತಾರೆ. ನೆಂಟರಿಗೆ ಹೇಳುವಾಗ, ‘ಹುಡುಗನ ವ್ಯಕ್ತಿತ್ವ ವಿಕಾಸವಾಗಲಿ ಎಂದು ಸೇರಿಸುತ್ತಿದ್ದೇವೆ’ ಎನ್ನುತ್ತಾರೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ದಂಪತಿಗಳು ಶಿಬಿರವನ್ನು ಹುಡುಕಿದ ನಿಜವಾದ ಕಾರಣವೆಂದರೆ ಹಗಲು ಹೊತ್ತಿನಲ್ಲಿ ಹುಡುಗನನ್ನು ನೋಡಿಕೊಳ್ಳುವವರು ಮನೆಯಲ್ಲಿಲ್ಲ ಎಂಬುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದುಡಿಯುವ ತಂದೆತಾಯಿಗಳಿಗೆ ಮಗುವನ್ನು ಸುರಕ್ಷಿತವಾಗಿ ಬಿಡುವ ಜಾಗ ಬೇಕು. ಅದು ನ್ಯಾಯವಾದ ಅಗತ್ಯ. ಆದರೆ ಆ ಅಗತ್ಯವನ್ನು ಒಪ್ಪಿಕೊಳ್ಳಲು ಹಿಂಜರಿದು ಅದಕ್ಕೆ ವ್ಯಕ್ತಿತ್ವ ವಿಕಾಸವೆಂಬ ಹೆಸರಿಟ್ಟ ಕೂಡಲೇ ಆಯ್ಕೆಯ ಅಳತೆಗೋಲು ಬದಲಾಗುತ್ತದೆ. ಸುರಕ್ಷತೆಯೇ ಉದ್ದೇಶವೆಂದು ಒಪ್ಪಿಕೊಂಡವರು ಶಿಬಿರದ ಸ್ಥಳಕ್ಕೆ ಹೋಗಿ ನೋಡುತ್ತಾರೆ: ಕುಡಿಯುವ ನೀರು ಎಲ್ಲಿದೆ, ಶೌಚಾಲಯ ಹೇಗಿದೆ, ಎಷ್ಟು ಮಕ್ಕಳಿಗೆ ಒಬ್ಬ ಹಿರಿಯರು, ಸಂಜೆ ಗೇಟಿನಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ, ಸಿಬ್ಬಂದಿಯ ಪೂರ್ವಾಪರವನ್ನು ವಿಚಾರಿಸಿದ್ದಾರೆಯೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯಿದೆ 2012ರಲ್ಲಿ ಬಂದ ಮೇಲೆಯೂ ಈ ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡುವವರು ಬಹಳ. ವಿಕಾಸವೇ ಉದ್ದೇಶವೆಂದು ತಮಗೆ ತಾವೇ ಹೇಳಿಕೊಂಡವರಾದರೋ ಕರಪತ್ರದಲ್ಲಿನ ವಿಷಯಗಳನ್ನು ಎಣಿಸಿ ಹಣ ಕಟ್ಟುತ್ತಾರೆ. ಅಸತ್ಯವೆಂದರೆ ಪರರನ್ನು ವಂಚಿಸುವ ಮಾತು ಮಾತ್ರವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇಲ್ಲಿ ವಂಚಿತರಾದವರು ಅದನ್ನು ಆಡಿದವರೇ.

ನಾಲ್ಕನೆಯ ದಿನ ಹುಡುಗ ಬೂಟು ಹಾಕಿಕೊಳ್ಳದೆ ಕುಳಿತಿದ್ದಾನೆ. ‘ಅಪ್ಪಾ, ನಾನು ಇವತ್ತು ಹೋಗುವುದಿಲ್ಲ. ಅಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ.’ ತಂದೆಯ ಉತ್ತರ: ‘ಹಣ ಕಟ್ಟಿ ಆಗಿದೆಯಪ್ಪ, ಹೋಗಲೇಬೇಕು.’ ಹಣಕಾಸಿನ ವ್ಯವಹಾರವನ್ನು ಬಲ್ಲವರೂ ಇಂಥ ಮಾತನ್ನು ಆಡುವುದು ಆಶ್ಚರ್ಯ. ಅಂಗಡಿಯಲ್ಲಿ ಹುಳು ಬಿದ್ದ ಬೇಳೆಯನ್ನು, ಕೊಂಡ ಬೆಲೆ ಹೆಚ್ಚಾಯಿತೆಂಬ ಕಾರಣಕ್ಕೆ, ಯಾವ ವರ್ತಕನೂ ತನ್ನ ಮನೆಯವರಿಗೆ ಉಣಬಡಿಸುವುದಿಲ್ಲ. ಹೋದ ಹಣ ಹೋಯಿತು. ಅದು ಆಗಲೇ ಖರ್ಚಿನ ಬದಿಗೆ ಸೇರಿದೆ. ಉಳಿದ ಮೂರು ವಾರಗಳನ್ನು ಕುರಿತು ಮಾಡಬೇಕಾದ ತೀರ್ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಮಗನನ್ನು ಕಳುಹಿಸಲು ಬೇರೆ ಕಾರಣವಿರಬಹುದು. ಹೊಸ ಜಾಗದಲ್ಲಿ ಗೆಳೆತನ ಕೂಡಿಬರಲು ಒಂದು ವಾರ ಬೇಕಾಗಬಹುದು, ಮನೆಯಲ್ಲಿ ಯಾರೂ ಇಲ್ಲದಿರಬಹುದು. ಹಾಗಿದ್ದರೆ ಆ ಕಾರಣವನ್ನೇ ಹೇಳಬೇಕು. ‘ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರಿಲ್ಲ, ನಮಗೆ ನಿನ್ನ ಸಹಾಯ ಬೇಕು, ಇನ್ನು ಮೂರು ದಿನ ನೋಡೋಣ’ ಎಂದರೆ ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಹಣದ ಹೆಸರಿನಲ್ಲಿ ಕಳುಹಿಸಿದರೆ ಅವನಿಗೆ ಅರ್ಥವಾಗುವುದು ತನ್ನ ದುಃಖಕ್ಕಿಂತ ರಸೀದಿ ದೊಡ್ಡದು ಎಂಬುದೊಂದೇ.

ಮಗುವಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು? ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಒಪ್ಪಿಕೊಂಡಿತು. ಅದರ 12ನೆಯ ವಿಧಿಯು ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ಪ್ರೌಢತೆಗೆ ತಕ್ಕ ಮನ್ನಣೆಯನ್ನು ನೀಡಬೇಕೆನ್ನುತ್ತದೆ. 31ನೆಯ ವಿಧಿಯು ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕೆಂದೇ ಸಾರುತ್ತದೆ. ಆಟವನ್ನು ಹಕ್ಕೆಂದು ಬರೆದಿಡಬೇಕಾದ ಕಾಲ ಬಂತಲ್ಲಾ ಎಂದು ಹಿರಿಯರು ನಗಬಹುದು. ಆದರೆ ನಾಲ್ಕು ಕರಪತ್ರಗಳ ಸುತ್ತ ಕುಳಿತ ಮೂವರಲ್ಲಿ ಒಬ್ಬನನ್ನು ಮಾತ್ರ ಏನೂ ಕೇಳಲಿಲ್ಲವೆಂಬುದನ್ನು ನೆನೆದರೆ ನಗು ಬರುವುದಿಲ್ಲ. ಆರು ವರ್ಷದ ಮಗುವಿಗೆ ಎಲ್ಲವನ್ನೂ ತೀರ್ಮಾನಿಸುವ ಶಕ್ತಿಯಿಲ್ಲ, ನಿಜ. ಹಿರಿಯರು ಮೊದಲು ನೋಡಿ ಒಪ್ಪಿದ ಎರಡರಲ್ಲಿ ಒಂದನ್ನು ಆರಿಸುವ ಶಕ್ತಿಯಿದೆ. ಹನ್ನೆರಡು ವರ್ಷದವರಿಗೆ ಬೇಡವೆನ್ನುವ ಅಧಿಕಾರವೂ ಇರಬೇಕು.

ಹೀಗೆಂದ ಮಾತ್ರಕ್ಕೆ ಶಿಬಿರಗಳೆಲ್ಲವೂ ವ್ಯರ್ಥವೆಂದು ತಿಳಿಯಬಾರದು. ಬಿ.ವಿ. ಕಾರಂತರನ್ನು ಸ್ಥಾಪಕ ನಿರ್ದೇಶಕರನ್ನಾಗಿ ಪಡೆದು 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣವು ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ‘ಚಿಣ್ಣರ ಮೇಳ’ದಲ್ಲಿ ಮಕ್ಕಳು ಹಾಡುತ್ತಾರೆ, ಮಣ್ಣಿನಲ್ಲಿ ಕೈಯಾಡಿಸುತ್ತಾರೆ, ಕೊನೆಯಲ್ಲಿ ಒಟ್ಟಾಗಿ ನಾಟಕವಾಡುತ್ತಾರೆ. ನಾಟಕದಲ್ಲಿ ಮರವಾಗಿ ನಿಂತ ಮಗುವೂ ಬೇಕು, ರಾಜನಾದ ಮಗುವೂ ಬೇಕು. ಅಲ್ಲಿ ಗೆಲ್ಲುವುದು ಎಂಬುದಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲಭವನದಲ್ಲಿಯೂ ಬೇಸಿಗೆ ಶಿಬಿರಗಳು ನಡೆಯುತ್ತವೆ. ಇನ್ನು ಈಜು. ಬೇಸಿಗೆ ಬಂತೆಂದರೆ ಕೆರೆಯಲ್ಲಿ, ಕಲ್ಲುಗಣಿಯ ಗುಂಡಿಯಲ್ಲಿ, ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿಯಿಲ್ಲದ ವರ್ಷವಿಲ್ಲ. ಜೀವರಕ್ಷಕರು ದಡದಲ್ಲಿ ನಿಂತಿರುವ ಕೊಳದಲ್ಲಿ ಮಗುವಿಗೆ ಈಜು ಕಲಿಸುವುದು ಕೈಬರಹಕ್ಕಿಂತ, ವೇದಗಣಿತಕ್ಕಿಂತ ಮೇಲೆಂದು ಹೇಳಲು ಯಾವ ಶಾಸ್ತ್ರಾಧಾರವೂ ಬೇಕಿಲ್ಲ.

ಪ್ರಕೃತಿ ಶಿಬಿರಗಳ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಮೇಲು. ಚಿಟ್ಟೆ ಜೀರುಂಡೆಗಳನ್ನು ನೋಡಿ ಬರುತ್ತಾರೆಯೋ, ಹಿಡಿದು ಸೀಸೆಯಲ್ಲಿ ತರುತ್ತಾರೆಯೋ? ಇರುವೆಯ ಸಾಲನ್ನು ದಾಟಿ ಹೆಜ್ಜೆಯಿಡು ಎಂದು ಮನೆಯಲ್ಲಿ ಹೇಳಿಸಿಕೊಂಡ ಮಗುವಿಗೆ ಶಿಬಿರದಲ್ಲಿ ಬೇರೆ ಪಾಠವಾದರೆ ಅದು ಎರಡನ್ನೂ ನಂಬದೆ ಹೋಗುತ್ತದೆ.

ಬಸದಿಯ ಟ್ರಸ್ಟುಗಳು ನಡೆಸುವ ಸಂಸ್ಕಾರ ಶಿಬಿರಗಳ ಕುರಿತು ಹೇಳದಿದ್ದರೆ ಅದು ಪಕ್ಷಪಾತವಾದೀತು. ಶುಲ್ಕವಿಲ್ಲ ಅಥವಾ ಅಲ್ಪ, ಊಟ ಶುದ್ಧ, ಮಕ್ಕಳೆಲ್ಲ ಪರಿಚಿತರು. ಆದರೂ ಭಕ್ತಾಮರದ 48 ಶ್ಲೋಕಗಳನ್ನು ಯಾರು ಮೊದಲು ಕಂಠಸ್ಥ ಮಾಡುವರೋ ಅವರಿಗೆ ಬೆಳ್ಳಿಯ ಲೋಟವೆಂದು ಸಾರಿದಲ್ಲಿ, ವೇದಗಣಿತದ ಶಿಬಿರಕ್ಕೂ ಇದಕ್ಕೂ ಇರುವ ಅಂತರವೇನು? ಪರಿಗ್ರಹವು ಹೊಲ, ಮನೆ, ಚಿನ್ನಗಳಿಗೆ ಮುಗಿಯುವುದಿಲ್ಲ. ಮಗುವಿನ ಮೂಲಕ ಪ್ರಶಸ್ತಿಪತ್ರಗಳನ್ನು ಕೂಡಿಡುವುದೂ ಪರಿಗ್ರಹವೇ. ಸ್ತೋತ್ರದ ಪ್ರಶಸ್ತಿಪತ್ರವೆಂದು ಅದಕ್ಕೆ ವಿನಾಯಿತಿಯಿಲ್ಲ. ಶ್ಲೋಕ ಕಲಿತ ಹುಡುಗಿಯ ಕಣ್ಣು ಸೋತ ಗೆಳತಿಯ ಕಡೆಗೆ ಹೇಗೆ ಹೊರಳುತ್ತದೆ ಎಂಬುದನ್ನು ಶಿಬಿರದ ಸಂಚಾಲಕರು ಗಮನಿಸಿದರೆ ಮುಂದಿನ ವರ್ಷ ಬೆಳ್ಳಿಯ ಲೋಟದ ಖರ್ಚು ಉಳಿಯುತ್ತದೆ.

ಇನ್ನೊಂದು ಸಂಗತಿಯು ಈ ಎಲ್ಲಕ್ಕಿಂತ ಕಠಿಣವಾದುದು. ಬೆಳಿಗ್ಗೆ ಒಂಬತ್ತಕ್ಕೆ ಆಟೋ ಬಂದು ಮನೆಯ ಮಗಳು ಶಿಬಿರಕ್ಕೆ ಹೋಗುತ್ತಾಳೆ. ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಮನೆಗೆಲಸದ ಅಮ್ಮ ಬರುತ್ತಾಳೆ. ಅವಳ ಹಿಂದೆ ಅಷ್ಟೇ ವಯಸ್ಸಿನ ಅವಳ ಮಗಳು. ಅವಳ ಶಾಲೆಗೂ ರಜೆ, ಅವಳ ಮನೆಯಲ್ಲಿಯೂ ನೋಡಿಕೊಳ್ಳುವವರಿಲ್ಲ. ಒಂದೇ ಅಗತ್ಯ, ಎರಡು ಬಾಗಿಲು. ಮೊದಲ ದಿನ ಆ ಹುಡುಗಿ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ಮೂರನೆಯ ದಿನ ತಾಯಿ ಉಜ್ಜಿದ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿರುತ್ತಾಳೆ. ಯಾರೂ ಅವಳಿಗೆ ಕೆಲಸ ಹೇಳಿದ್ದಿಲ್ಲ, ಬೇಡವೆಂದೂ ಹೇಳಲಿಲ್ಲ. ಸರಕಾರಿ ಶಾಲೆಯ ಮಗುವಿಗೆ ರಜೆಯೆಂದರೆ ಮಧ್ಯಾಹ್ನದ ಬಿಸಿಯೂಟವೂ ನಿಂತಂತೆ. 2024ರ ಬರಗಾಲದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಊಟ ಬಡಿಸಬೇಕಾಗಿ ಬಂದುದು ಈ ಕಾರಣದಿಂದಲೇ. ಬಾಲಕಾರ್ಮಿಕ ಪದ್ಧತಿಯನ್ನು ಖಂಡಿಸುವ ಭಾಷಣಕ್ಕೆ ಚಪ್ಪಾಳೆ ತಟ್ಟುವ ಮನೆಗಳ ಹಿತ್ತಲಿನಲ್ಲಿ ಇದು ನಡೆಯುತ್ತದೆ. ಮಗಳಿಗೆ ಯಾವ ಶಿಬಿರವೆಂದು ಒಂದು ತಿಂಗಳು ಚರ್ಚಿಸಿದವರು ಈ ಇನ್ನೊಬ್ಬಳ ಕುರಿತು ಒಂದು ನಿಮಿಷವನ್ನೂ ವ್ಯಯಿಸಿರುವುದಿಲ್ಲ. ಅಹಿಂಸೆಯನ್ನು ಕೊಲ್ಲದಿರುವುದಷ್ಟೇ ಎಂದು ಬಗೆದವರಿಗೆ ಇದರಲ್ಲಿ ದೋಷ ಕಾಣದು. ಪ್ರಮಾದವೇ, ಅಂದರೆ ಎಚ್ಚರಗೇಡಿತನವೇ, ಹಿಂಸೆಯ ಬೇರೆಂದು ಕೇಳಿ ಬೆಳೆದವರಿಗೆ ಕಾಣಬೇಕು.

ಟ್ರಸ್ಟುಗಳ ಕೈಯಲ್ಲಿ ಸಭಾಭವನವಿದೆ. ಮದುವೆಗಳಿಲ್ಲದ ದಿನ ಅದು ಬರಿದಾಗಿರುತ್ತದೆ. ನೀರಿದೆ, ಅಡಿಗೆಮನೆಯಿದೆ, ಬಿಡುವಾಗಿರುವ ನಿವೃತ್ತ ಶಿಕ್ಷಕರಿದ್ದಾರೆ. ಇಂಥ ಒಂದು ಟ್ರಸ್ಟಿನ ಸಭೆಯಲ್ಲಿ ಬಾಗಿಲನ್ನು ಸುತ್ತಲಿನ ಮನೆಗೆಲಸದವರ ಮಕ್ಕಳಿಗೂ ತೆರೆಯೋಣವೆಂಬ ಸಲಹೆ ಬಂತೆಂದು ಊಹಿಸೋಣ. ಯಾರೂ ವಿರೋಧಿಸುವುದಿಲ್ಲ. ಕೋಶಾಧಿಕಾರಿಗಳು ಮಾತ್ರ, ತಮ್ಮ ಕರ್ತವ್ಯವೆಂದು, ಈ ಖರ್ಚನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯುವುದು ಎಂದು ಕೇಳುತ್ತಾರೆ. ಊಟವನ್ನು ಆಹಾರದಾನದಲ್ಲಿ, ಪುಸ್ತಕಗಳನ್ನು ಶಾಸ್ತ್ರದಾನದಲ್ಲಿ ತೋರಿಸಬಹುದೆಂದು ಒಬ್ಬರು ಸೂಚಿಸುತ್ತಾರೆ. ಹಗಲೆಲ್ಲ ಮಕ್ಕಳನ್ನು ನಿರ್ಭಯವಾಗಿ ಇರಿಸಿಕೊಳ್ಳುವ ಆಯಾಳ ಸಂಬಳ ಅಭಯದಾನಕ್ಕೆ ಸೇರಬೇಕೆಂದು ಮತ್ತೊಬ್ಬರ ವಾದ. ಚರ್ಚೆ ಬೆಳೆಯುತ್ತದೆ. ಶೀರ್ಷಿಕೆಯ ವಿಚಾರವನ್ನು ಮುಂದಿನ ತಿಂಗಳ ಸಭೆಗೆ ಬಿಟ್ಟು, ಶಿಬಿರವನ್ನು ಬರುವ ಸೋಮವಾರವೇ ಆರಂಭಿಸಿದರಾಯಿತು.