ಬಾಕಿ ಒಪ್ಪಿಕೊಂಡವನೇ ಅವನು

ಪಿಂಕ್ ಫ್ಲಾಯ್ಡ್ ತಂಡದ ‘ದಿ ಎಂಡ್‌ಲೆಸ್ ರಿವರ್’ 2014ರ ನವೆಂಬರಿನಲ್ಲಿ ಹೊರಬಂತು. ಅದರ ಹಿಂದಿನ ಆಲ್ಬಂ ‘ದಿ ಡಿವಿಜನ್ ಬೆಲ್’ ಬಂದದ್ದು 1994ರಲ್ಲಿ. ಇಪ್ಪತ್ತು ವರ್ಷ ಕಾದಿದ್ದ ಜನ ಮುಗಿಬಿದ್ದು ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಕೇಳಿದ ಮೇಲೆ ಮಾತು ಎರಡಾಯಿತು. ಕೆಲವರಿಗೆ ಅದು ಉಳಿದುಬಳಿದ ಟೇಪುಗಳ ಗಂಟು. ಕೆಲವರಿಗೆ, ತೀರಿಹೋದ ಗೆಳೆಯ ರಿಚರ್ಡ್ ರೈಟ್‌ಗೆ ಸಲ್ಲಿಸಿದ ಗೌರವ. ಮೈಸೂರಿನಲ್ಲಿ ನನ್ನ ಇಬ್ಬರು ಹಳೆಯ ಸ್ನೇಹಿತರೂ ಹೀಗೇ ಎದುರುಬದುರಾದರು. ‘ವಾಟರ್ಸ್ ಇಲ್ಲದ ಮೇಲೆ ಅದೆಂಥ ಪಿಂಕ್ ಫ್ಲಾಯ್ಡ್ ಮಾರಾಯಾ?’ ಎಂದು ಒಬ್ಬ. ‘ರೈಟ್ ನುಡಿಸಿದ್ದು ಕಿವಿಗೆ ಬೀಳುತ್ತಿಲ್ಲವೇ?’ ಎಂದು ಇನ್ನೊಬ್ಬ.

ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದ ನನಗೆ ಈ ಜಗಳ ಪರಿಚಿತವೇ. ನಮ್ಮ ದರ್ಶನಗಳಲ್ಲಿ ದೇವದತ್ತನ ಉದಾಹರಣೆ ಮತ್ತೆಮತ್ತೆ ಬರುತ್ತದೆ. ಎಂದೋ ಎಲ್ಲೋ ಕಂಡವನನ್ನು ಇಂದು ಇಲ್ಲಿ ಕಂಡು, ಇವನೇ ಆ ದೇವದತ್ತ ಎಂದು ಗುರುತಿಸುತ್ತೇವೆ. ಈ ಪ್ರತ್ಯಭಿಜ್ಞೆಯೇ ಸಾಕ್ಷಿ, ವಸ್ತು ಒಂದೇ ಆಗಿ ಉಳಿದಿದೆ ಎಂದರು ಮೀಮಾಂಸಕರು, ನೈಯಾಯಿಕರು. ಬೌದ್ಧರು ಒಪ್ಪಲಿಲ್ಲ. ಉರಿಯುವ ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯಾದರೂ ಒಂದೇ ಎಂದು ಕಾಣುವುದಿಲ್ಲವೇ, ನೀವು ಗುರುತಿಸುತ್ತಿರುವುದು ಬರೀ ಹೋಲಿಕೆಯನ್ನು ಎಂದರು.

ಪಿಂಕ್ ಫ್ಲಾಯ್ಡ್‌ನ ಚರಿತ್ರೆ ಬೌದ್ಧರ ಪರ ಸಾಕ್ಷಿ ಹೇಳುವಂತಿದೆ. 1965ರಲ್ಲಿ ಲಂಡನ್ನಿನಲ್ಲಿ ತಂಡ ಹುಟ್ಟಿತು. ಅದಕ್ಕೆ ಹೆಸರಿಟ್ಟ, ಮೊದಲ ಹಾಡುಗಳನ್ನು ಬರೆದ ಸಿಡ್ ಬ್ಯಾರೆಟ್ ಮನಸ್ಸು ಹದಗೆಟ್ಟು 1968ರಲ್ಲೇ ಹೊರಗಾದ. ಆಮೇಲೆ ಸಾಹಿತ್ಯದ ಹೊಣೆ ಹೊತ್ತ ರೋಜರ್ ವಾಟರ್ಸ್ 1985ರಲ್ಲಿ ಬಿಟ್ಟುಹೋಗಿ, ಮರುವರ್ಷ ಹೆಸರಿನ ಬಳಕೆ ತಡೆಯಲು ಕೋರ್ಟಿಗೆ ಹೋದರು. ಕೊನೆಗೆ ಹೆಸರು ಡೇವಿಡ್ ಗಿಲ್ಮೋರ್ ಮತ್ತು ನಿಕ್ ಮೇಸನ್ ಪಾಲಿಗೆ ಉಳಿಯಿತು. ಆದರೆ 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ, ಪಿಂಕ್ ಫ್ಲಾಯ್ಡ್ ಕೇಳಲೆಂದೇ ಹೋದವರಲ್ಲಿ ನಾನೂ ಇದ್ದೆ. ಹೆಸರು ಒಬ್ಬರ ಬಳಿ, ಹಾಡು ಇನ್ನೊಬ್ಬರ ಬಳಿ. ಹಾಗಾದರೆ ತಂಡ ಇರುವುದು ಎಲ್ಲಿ? ಹೆಸರಿನಲ್ಲಿ ಹುಡುಕಿದರೂ ಆಳುಗಳಲ್ಲಿ ಹುಡುಕಿದರೂ ನಾದದಲ್ಲಿ ಹುಡುಕಿದರೂ ಅದು ಪೂರ್ತಿ ಕೈಗೆ ಸಿಗುವುದಿಲ್ಲ.

ಇಲ್ಲಿ ನನಗೆ ನೆರವಾಗುವುದು ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದ ಭಿಕ್ಷು ನಾಗಸೇನ. ರಥ ಎಂಬುದು ಗಾಲಿಯಲ್ಲ, ಅಚ್ಚಲ್ಲ, ನೊಗವಲ್ಲ ಎಂದು ಅವನು ಮಿಲಿಂದ ರಾಜನಿಗೆ ಹೇಳಿದ್ದು ಎಲ್ಲರಿಗೂ ಗೊತ್ತು. ಅದೇ ಗ್ರಂಥದ ಮಾವಿನ ಕಳ್ಳನ ಪ್ರಸಂಗ ಅಷ್ಟು ಪ್ರಸಿದ್ಧವಲ್ಲ. ಕಳ್ಳ ವಾದಿಸುತ್ತಾನೆ: ತೋಟದವನು ನೆಟ್ಟ ಹಣ್ಣೇ ಬೇರೆ, ನಾನು ಕಿತ್ತ ಹಣ್ಣೇ ಬೇರೆ, ನನ್ನದೇನು ತಪ್ಪು? ಆದರೂ ಅವನಿಗೆ ಶಿಕ್ಷೆ ತಪ್ಪದು. ನೆಟ್ಟದ್ದರಿಂದಲೇ ಕಿತ್ತದ್ದು ಬಂದಿತಲ್ಲ! ಎರಡೂ ಒಂದೇ ಅಲ್ಲ. ಸಂಬಂಧವಿಲ್ಲದ ಬೇರೆಯೂ ಅಲ್ಲ. ನನಗೆ ಇದರಿಂದ ಹೊಳೆದದ್ದು ಇಷ್ಟು: ಒಳಗೆ ಬದಲಾಗದ ತಿರುಳೊಂದು ಇರಲಿ, ಬಿಡಲಿ, ಹಿಂದಿನದಕ್ಕೆ ಹೊಣೆ ಹೊರುವುದರಲ್ಲಿ ಒಬ್ಬ ವ್ಯಕ್ತಿ ‘ಅವನೇ’ ಆಗುತ್ತಾನೆ. ಹಿಂದಿನ ಕೀರ್ತಿಯನ್ನು ನನ್ನದೆನ್ನುವುದು ಸುಲಭ. ಹಿಂದಿನ ಬಾಕಿಯನ್ನೂ ನನ್ನದೆನ್ನಬೇಕು.

‘ದಿ ಎಂಡ್‌ಲೆಸ್ ರಿವರ್’ ನಡುವೆ ಇರುವುದು ಅಂಥದೊಂದು ಬಾಕಿ. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ತಂಡ ಕಟ್ಟಿದವರಲ್ಲಿ ಒಬ್ಬರು. 1979ರಲ್ಲಿ ‘ದಿ ವಾಲ್’ ತಯಾರಾಗುವಾಗ ಅವರನ್ನು ತಂಡದಿಂದ ತೆಗೆದರು. ಅದರ ಕಛೇರಿಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. 1983ರ ಆಲ್ಬಮ್ಮಿನಲ್ಲಿ ಅವರಿಲ್ಲವೇ ಇಲ್ಲ. ಮುಂದೆ ಮರಳಿ ಬಂದರು, 2008ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಉಳಿದದ್ದು 1993ರಲ್ಲಿ ಮೂವರೂ ಕೂತು ನುಡಿಸಿದ್ದ, ‘ಡಿವಿಜನ್ ಬೆಲ್’ನಲ್ಲಿ ಸೇರದ ಟೇಪುಗಳು. ಗಿಲ್ಮೋರ್, ಮೇಸನ್ ಅವನ್ನು ತೆಗೆದು, ರೈಟ್ ನುಡಿಸಿದ್ದರ ಸುತ್ತ ತಮ್ಮ ಗಿಟಾರು, ಡ್ರಮ್ಸ್ ಹೊಸದಾಗಿ ಕೂಡಿಸಿದರು. ಹದಿನೆಂಟು ತುಣುಕುಗಳು, ಹಾಡೆನ್ನಬಹುದಾದದ್ದು ಕೊನೆಯ ಒಂದು. ‘ಆಟಮ್ 68’ ಎಂಬ ತುಣುಕಿನಲ್ಲಿ 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ದೊಡ್ಡ ಆರ್ಗನ್ನನ್ನು ರೈಟ್ ನುಡಿಸಿದ್ದಿದೆ. ಅದರ ಹಿಂದೆ ಮುಂದೆ ಇರುವುದು 1993ರ ಸಂಗೀತ. ಇಪ್ಪತ್ತೈದರ ರೈಟ್, ಐವತ್ತರ ರೈಟ್, ಈಗ ಇಲ್ಲದ ರೈಟ್ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಜ್ವಾಲೆ ಬೇರೆ ಎಂದು ನನ್ನ ಬುದ್ಧಿಗೆ ಗೊತ್ತು. ಆದರೂ ಇವರೇ ಅವರು ಎಂದು ಗುರುತಿಸದೆ ಇರಲಾರೆ.

ಒಂದು ಕಾಲಕ್ಕೆ ಯಾರನ್ನು ಹೊರಗೆ ಹಾಕಿದ್ದರೋ ಅವರನ್ನೇ ನಡುಮನೆಯಲ್ಲಿ ಕೂರಿಸಿ ತಾವು ಪಕ್ಕಕ್ಕೆ ಸರಿದ ಈ ಕೆಲಸವನ್ನು ನಾನು ಋಣ ಸಲ್ಲಿಕೆ ಎನ್ನುತ್ತೇನೆ.

ಇದಕ್ಕೆ ಆಕ್ಷೇಪಗಳಿವೆ, ತೂಕದವೇ. ಋಣ ತೀರಿಸಿದ ಮಾತ್ರಕ್ಕೆ ಸಂಗೀತ ಚೆನ್ನಾಗಿಬಿಡುತ್ತದೆಯೇ? ಇಲ್ಲ. ಇಲ್ಲಿನ ಎಷ್ಟೋ ತುಣುಕುಗಳು ಮೇಲೇಳುವ ಮೊದಲೇ ಮುಗಿಯುತ್ತವೆ. ವಾಟರ್ಸ್ ಸಾಹಿತ್ಯದ ಮೊನಚನ್ನು ಬಯಸುವ ನನ್ನ ಸ್ನೇಹಿತನ ನಿರಾಸೆ ನ್ಯಾಯವಾದದ್ದೇ. ಆದರೆ ಕೃತಿ ಎಷ್ಟು ದೊಡ್ಡದು ಎಂಬ ಪ್ರಶ್ನೆ ಒಂದು, ಅದನ್ನು ಮಾಡಿದ್ದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸೋತದ್ದು ಎರಡನೆಯದರಲ್ಲಿ ಗೆಲ್ಲಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ನೋಯಿಸುತ್ತದೆ. ಬೇಡವೆಂದು ಬದಿಗಿಟ್ಟದ್ದನ್ನು ಹೊರತೆಗೆಯಲು ಸತ್ತವನ ಒಪ್ಪಿಗೆ ಎಲ್ಲಿದೆ? ಸತ್ತವನು ಬೇಡ ಎನ್ನಲಾರ. ಆದ್ದರಿಂದಲೇ ಬದುಕಿದ್ದವರ ಹೊಣೆ ಇಮ್ಮಡಿಯಾಗುತ್ತದೆ. ಅವನು ಮಾಡದ್ದನ್ನು ಅವನ ಹೆಸರಿಗೆ ಹಚ್ಚಬಾರದು, ಮಾಡಿದ್ದನ್ನು ತಮ್ಮದೆನ್ನಬಾರದು. ಈ ಎರಡು ಗೆರೆಗಳನ್ನು ಗಿಲ್ಮೋರ್, ಮೇಸನ್ ದಾಟಿಲ್ಲವೆಂದು ನನ್ನ ನಂಬಿಕೆ. ವಾಟರ್ಸ್ ಜೊತೆಗಿನ ಲೆಕ್ಕ ಮಾತ್ರ ಬಾಕಿಯೇ ಉಳಿಯಿತು. ಆ ಮಟ್ಟಿಗೆ ಇದು ಅರ್ಧ ಪಿಂಕ್ ಫ್ಲಾಯ್ಡ್ ಎಂದರೆ ನಾನು ವಾದಿಸುವುದಿಲ್ಲ.

ಹಳೆಯ ತಂಡವೊಂದು ಮರಳಿ ಬಂದಾಗ, ಮೊದಲಿನ ಹಾಗೇ ಇದೆಯೇ ಎಂದು ಅಳೆಯುತ್ತೇವೆ. ಮೊದಲಿನ ಹಾಗೆ ಯಾವುದೂ ಇರುವುದಿಲ್ಲ, ಕೇಳುವ ನಾವೂ ಇರುವುದಿಲ್ಲ. ಇವರು ಯಾರ ದುಡಿಮೆಯ ಮೇಲೆ ನಿಂತಿದ್ದಾರೆ, ಅದನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆಯೇ ಎಂದು ಕೇಳೋಣ. ಒಪ್ಪಿಕೊಂಡಿದ್ದರೆ ಹಳೆಯ ಹೆಸರು ಹೇಳಿಕೊಳ್ಳುವ ಹಕ್ಕು ಅವರಿಗಿದೆ.